ನಿಂಗಮ್ಮ ನಡೆದಾಡಿದ ಬೊಹೀಮಿಯಾದ ಸಂತೆಪೇಟೆ

ದಸರಾ ನೋಡಲು ಎರಡು ಸಲ ಮೈಸೂರಿಗೆ ಹೋದದ್ದು ಬಿಟ್ಟರೆ ಹುಣಸೂರು ತಾಲೂಕನ್ನೇ ದಾಟದ ನಿಂಗಮ್ಮ, ಯುರೋಪಿನ ಒಂದು ಸಂತೆಪೇಟೆಯಲ್ಲಿ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲವಳಾಗಿದ್ದಳು. ಮೊರದಲ್ಲಿ ರಾಗಿಹಿಟ್ಟು ಹರಡಿ, ನನಗೆ ತೋರಿಸುತ್ತ ಬೆರಳಿನಿಂದ ಬಾಗಿದ ಗೆರೆಯೊಂದನ್ನು ಎಳೆಯುವಳು.

"ಇದು ಹೊಳೆ ಕಣ್ ಮಗಾ. ಮೂರು ಕಡೆಯಿಂದ ಊರ್ನ ತಬ್ಕಂಡದೆ."

ಹೊಳೆಯ ಮೇಲೆ ಕಲ್ಲುಸೇತುವೆ, ಅದರಾಚೆ ಹೆಬ್ಬಾಗಿಲು, ಒಳಗೆ ಇಳಿಜಾರಾದ ಸಂತೆಚೌಕ. ಮೇಲ್ಗಡೆ ಕುಂಬಳಕಾಯಿ ಕೈಜಾರಿದರೆ ಹೆಬ್ಬಾಗಿಲ ಹತ್ತಿರವೇ ಹಿಡಿಯಬೇಕು. ಚೌಕದ ಸುತ್ತ ಕಮಾನಿನ ಮೊಗಸಾಲೆ. ಮಳೆಯಲ್ಲೂ ನೆನೆಯದೆ ಒಂದು ಸುತ್ತು ಬರಬಹುದು. ಇಗರ್ಜಿಗೆ ಎರಡು ಗೋಪುರ, ಒಂದು ಮೋಟು. ಎಂದೋ ಸ್ವೀಡನ್ನಿನ ದಂಡು ಬಂದು ಸುಟ್ಟದ್ದನ್ನು ಮತ್ತೆ ಪೂರ್ತಿ ಏರಿಸಲು ಊರಿನವರ ಕೈಲಾಗಿರಲಿಲ್ಲ.

"ಸಂತೆ ಕಟ್ಟೋಕೆ ಅವ್ರ ಮಾರಾಜ್ರು ಸನ್ನದು ಕೊಟ್ಟವ್ರೆ. ಚಾವಡಿ ಪೆಟ್ಟಿಗೇಲಿ ಮಡಗವ್ರೆ. ಚಾವಡಿ ಮ್ಯಾಲೆ ಗಡಿಯಾರ. ಯಾವಾಗ್ಲೂ ಐದು ನಿಮಿಷ ಇಂದೆ."

ಇದೆಲ್ಲ ಅವಳಿಗೆ ಬಂದದ್ದು ಕಾಫಿ ಕಾರ್ಖಾನೆಯ ಸಾಹೇಬರಿಂದ. ಯಂತ್ರ ಕೂಡಿಸಲು ಬಂದ ಆ ಚೆಕ್ ಮನುಷ್ಯ ಹುಣಸೂರಿನಲ್ಲೇ ಉಳಿದುಬಿಟ್ಟಿದ್ದರು. ನಿಂಗಮ್ಮ ಅವರ ಬಂಗಲೆಯಲ್ಲಿ ಅಡುಗೆಯವಳು. ಸಂಜೆ ಅವರು ಒಲೆಯ ಮುಂದೆ ಮಣೆ ಹಾಕಿಕೊಂಡು, ಅವಳಿಂದಲೇ ಕಲಿತ ಕನ್ನಡದಲ್ಲಿ ತಮ್ಮ ಊರನ್ನು ಅವಳಿಗೆ ಹೇಳುತ್ತಿದ್ದರು. ಕೇಳುವವರು ಬೇರೆ ಯಾರೂ ಇರಲಿಲ್ಲ.

ನನ್ನ ತಂದೆ ಅದೇ ಕಾರ್ಖಾನೆಯ ಗುಮಾಸ್ತರು. ನಾನು ಮೈಸೂರಿನ ಕಾಲೇಜಿನಲ್ಲಿ ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಬಟ್ಟಲು ಗೆಲ್ಲುತ್ತ, ಸೋಲುವುದನ್ನು ಒಂದು ರೋಗವೆಂದು ತಿಳಿದಿದ್ದ ಕಾಲ. ಒಂದು ರಜೆಯಲ್ಲಿ ಭೂಪಟದ ಪುಸ್ತಕವನ್ನು ಅವಳ ಮುಂದೆ ಬಿಚ್ಚಿದೆ.

"ನೋಡು ನಿಂಗಮ್ಮ, ನಿನ್ನ ಪೇಟೆ ಇದರಲ್ಲಿ ಇಲ್ಲವೇ ಇಲ್ಲ."

"ನಮ್ಮ ಗಾವಡಗೆರೆ ಅದಾ?"

ಹುಡುಕಿದೆ. ಇರಲಿಲ್ಲ.

"ಅಂಗಾರೆ ನಾನು ಹುಟ್ಟೇ ಇಲ್ಲ ಬುಡು," ಎಂದು ಎದ್ದು ಹೋಗಿ ಮುದ್ದೆ ತಿರುವಿದಳು.

ಒಂದು ವಿಷಯದಲ್ಲಿ ಮಾತ್ರ ಸತ್ಯ ನನ್ನ ಕಡೆ ಇತ್ತು. ಆ ಚೌಕದ ನಡುವೆ ಒಂದು ಎತ್ತರದ ಕಂಬ, ತುದಿಯಲ್ಲಿ ಹೆಣ್ಣುದೇವರು. ಪ್ಲೇಗು ಕಳೆದ ಮೇಲೆ ಊರಿನವರು ನಿಲ್ಲಿಸಿದ್ದು. ನಿಂಗಮ್ಮ ಅದನ್ನು ಪ್ಲೇಗು ಮಾರಮ್ಮನೆಂದು ನಂಬಿದ್ದಳು. ನಮ್ಮೂರ ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿದ ದಿನ ಆ ಮಾರಮ್ಮನಿಗೂ ಒಂದು ತಂಬಿಟ್ಟು ತೆಗೆದಿಟ್ಟು ಸಾಹೇಬರಿಗೆ ಕೊಡುವಳು. ಅದು ಏಸುವಿನ ತಾಯಿ ಮೇರಿ ಎಂದು ನಾನು ಎಷ್ಟು ಹೇಳಿದರೂ ಅವಳದು ಒಂದೇ ಮಾತು: "ಪ್ಲೇಗ್ನಾಗೆ ಮಕ್ಕಳ ಕಾಯೋಳು ಇನ್ಯಾರ್ಲಾ?" ತೀರ್ಪಿಗೆಂದು ಸಾಹೇಬರ ಬಳಿ ಹೋದೆ. ಅವರು ತಂಬಿಟ್ಟು ಅಗಿಯುತ್ತಲೇ, "ಮಾರಮ್ಮನೇ ಕಣಪ್ಪ," ಎಂದರು. ಮೋಸದ ತೀರ್ಪು ಎಂದು ಎರಡು ದಿನ ಬಂಗಲೆಗೆ ಕಾಲಿಡಲಿಲ್ಲ.

ಆಮೇಲೆ ಯುದ್ಧ ಬಂತು. ಸಾಹೇಬರ ದೇಶ ಜರ್ಮನರ ಕೈಯಲ್ಲಿತ್ತು. ಅಲ್ಲಿಂದ ಬರುತ್ತಿದ್ದ ಅವರ ತಾಯಿಯ ಕಾಗದಗಳು ನಿಂತುಹೋದವು. ಮರುವರ್ಷ ಅವರಿಗೆ ಚಳಿಜ್ವರ ನೆತ್ತಿಗೇರಿತು. ಹೃದಯ ಸೋತಿದೆ, ಎದ್ದು ನಿಂತರೆ ಪ್ರಾಣಕ್ಕೇ ಅಪಾಯ, ಮೈಸೂರಿನಿಂದ ಕಾರು ಬರುವವರೆಗೆ ಮಲಗಿಸಿಯೇ ಇಡಿ ಎಂದು ಡಾಕ್ಟರು ಹೇಳಿ ಹೋದರು. ಮಟಮಟ ಮಧ್ಯಾಹ್ನ. ಕಾವಲಿಗೆ ನಾನು ಮತ್ತು ನಿಂಗಮ್ಮ. ಸಾಹೇಬರು ಮತ್ತೆ ಮತ್ತೆ ಮಂಚದಿಂದ ಕಾಲಿಳಿಸುತ್ತಿದ್ದರು. ಊರಿಗೆ ಹೋಗಬೇಕು, ಅವ್ವ ಕಾಯ್ತಾಳೆ ಎನ್ನುತ್ತಿದ್ದರು. ನಾನು ಭುಜ ಒತ್ತಿ ಹಿಡಿದೆ, ನನ್ನನ್ನು ತಳ್ಳಿದರು. ಯುದ್ಧ, ಸಮುದ್ರ, ಜ್ವರ ಎಂದು ಕಾರಣಗಳನ್ನು ಒಂದೊಂದಾಗಿ ಹೇಳಿದೆ. ಅಷ್ಟು ಕೆಟ್ಟದಾಗಿ ನಾನೆಂದೂ ವಾದಿಸಿರಲಿಲ್ಲ.

"ನೀನು ಸುಮ್ಕಿರ್ಲಾ," ಎಂದು ನಿಂಗಮ್ಮ ಅವರ ಪಾದಗಳನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ನಡೀರಿ ಬುದ್ದಿ, ನಾ ಕರ್ಕೊಂಡೋಯ್ತೀನಿ. ಸೇತುವೆ ಬಂತು. ಕಲ್ಲು ಜಾರ್ತದೆ, ಮೆಲ್ಲಗೆ. ಇದು ಹೆಬ್ಬಾಗ್ಲು. ಇವತ್ತು ಸಂತೆ, ಬಾತುಕೋಳಿ ಮಾರೋರು ಕುಂತವ್ರೆ..."

ಸಾಹೇಬರ ಕಾಲುಗಳು ಅವಳ ಮಡಿಲಲ್ಲಿ ಸಣ್ಣಗೆ ಮಿಸುಕುತ್ತಿದ್ದವು, ನಡೆಯುವಂತೆ. ಕಿಟಕಿಯಾಚೆ ಕಾಫಿ ಒಣಗುವ ಕಣ ಬಿಸಿಲಿಗೆ ಬೆಳ್ಳಗಾಗಿತ್ತು. ನನಗೂ ಅದರ ಮೇಲೆ ಕಮಾನುಗಳ ನೆರಳು ಬಿದ್ದಂತೆ ತೋರಿತು. ಮಾರಮ್ಮನಿಗೆ ಕೈಮುಗಿಸಿದಳು, ರೊಟ್ಟಿ ಸುಡುವವನ ಅಂಗಡಿ ದಾಟಿಸಿದಳು, ಎಡಕ್ಕೆ ಓಣಿಗೆ ತಿರುಗಿಸಿದಳು. ಅಲ್ಲಿ ತಟ್ಟನೆ ನಿಂತಳು. ಅವ್ವನ ಮನೆಯ ಬಾಗಿಲಿನ ಬಗ್ಗೆ ಸಾಹೇಬರು ಒಂದು ದಿನವೂ ಹೇಳಿರಲಿಲ್ಲ. ಕೇಳದ್ದನ್ನು ಸೇರಿಸಿ ಹೇಳುವವಳಲ್ಲ ಅವಳು. ಸಾಹೇಬರು ಮೊಣಕೈ ಊರಿ ಏಳತೊಡಗಿದರು. ಅವಳು ನನ್ನ ಮುಖ ನೋಡಿದಳು.

ಆಧಾರವಿಲ್ಲದ ಒಂದು ಮಾತನ್ನೂ ಆಡಬಾರದೆಂದು ಬೆಳೆದವನು ನಾನು. "ಬಾಗಿಲು ತೆರೆದೇ ಇದೆ," ಎಂದೆ. "ಹಸಿರು ಬಣ್ಣದ್ದು. ಒಳಗೆ ಬಂದಿರಿ ಸಾಹೇಬರೇ. ಮಲಗಿ."

ಮಲಗಿದರು. ಕಾರಿನ ಸದ್ದು ಕೇಳುವವರೆಗೂ ಏಳಲಿಲ್ಲ.

ಬದುಕಿಕೊಂಡರು, ಯುದ್ಧ ಮುಗಿದ ಮೇಲೆ ಊರಿಗೆ ಹೊರಟೇಹೋದರು. ನಾನು ನಿಂಗಮ್ಮನನ್ನು ಕೊನೆಯ ಸಲ ಕಂಡದ್ದು ಗಾವಡಗೆರೆಯ ಅವಳ ತಮ್ಮನ ಮನೆಯ ಜಗಲಿಯಲ್ಲಿ. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದಲೇ ಗುರುತು ಹಿಡಿದು, ಎಷ್ಟೋ ದಿನದಿಂದ ಕಾದಿಟ್ಟ ಪ್ರಶ್ನೆ ಕೇಳಿದಳು.

"ಅವತ್ತು ಬಾಗ್ಲು ತೆಗ್ದದೆ ಅಂದ್ಯಲ್ಲಾ, ಅವರವ್ವ ಒಳಗೆ ಏನ್ ಮಾಡ್ತಿದ್ಲು?"

"ಸಾರು ಕುದಿಸುತ್ತಿದ್ದಳು."

"ಏನ್ ಸಾರು?"

"ಹುರುಳಿ ಸಾರು."

"ಥೂ, ಅಲ್ಲಿ ಹುರುಳಿ ಎಲ್ಲಿ ಬೆಳೀತಾರ್ಲಾ! ಆಲೂಗೆಡ್ಡೆ ಊರು ಅದು."

ನನ್ನ ತಪ್ಪನ್ನು ಒಪ್ಪಿಕೊಂಡೆ. ಅವಳು ಗೋಡೆಗೆ ಒರಗಿ, ಸಮಾಧಾನದಿಂದ ಕಣ್ಣು ಮುಚ್ಚಿಕೊಂಡಳು.