ಗುರುವಾರದ ಮೇಡಂ

ಮೇಡಂ ಅವರ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಮೊದಲ ದಿನ ಅದನ್ನು ಕಂಡು ನನಗೆ ಒಳಗೊಳಗೇ ಸಮಾಧಾನವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕಟ್ಟಿಕೊಂಡ ಗಂಡನನ್ನು ಬೇರೊಬ್ಬ ಹೆಂಗಸಿನ ಮುಂದೆ ಕೂರಿಸಿ, ಮನಸ್ಸು ಬಿಚ್ಚಿ ಮಾತಾಡಿ ಎನ್ನಬೇಕಾದವಳ ಸಂಕಟ ಅನುಭವಿಸಿದವರಿಗೇ ಗೊತ್ತು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಮ್ಮ ಯಜಮಾನರು ಆಲ್ದೂರಿನ ಹತ್ತಿರದ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಹಿಡಿದು ದಿನದ ಕೆಲಸ ಹಂಚುವವರು. ಅದೇ ತೋಟದಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯಲು ಹತ್ತಿದ ಅವರ ತಮ್ಮ ಏಣಿಯಿಂದ ಬಿದ್ದು ತೀರಿಕೊಂಡ. ಇವರು ಅಳಲಿಲ್ಲ. ನಿದ್ದೆ ಹೋಯಿತು, ಮಾತು ನಿಂತಿತು. ಸಾರಿಗೆ ಉಪ್ಪಿಲ್ಲ ಎಂದು ಬೈಯುವುದನ್ನೂ ಬಿಟ್ಟರು. ಎರಡು ವರ್ಷ ಹೀಗೇ ಕಳೆದ ಮೇಲೆ ಆಲ್ದೂರಿನ ಡಾಕ್ಟರು ಮಾತ್ರೆಯ ಜೊತೆಗೆ ಚಿಕ್ಕಮಗಳೂರಿನ ಈ ಕೌನ್ಸೆಲರ್ ಮೇಡಂ ವಿಳಾಸ ಬರೆದುಕೊಟ್ಟರು. ಹುಚ್ಚು ಎಂದು ಜನ ಆಡಿಕೊಂಡಾರು ಎಂಬ ಹೆದರಿಕೆಗೆ, ಬಿ.ಪಿ. ತೋರಿಸಲು ಹೋಗುತ್ತಿದ್ದೇವೆ ಎಂದು ಎಸ್ಟೇಟಿನ ಲೈನು ಮನೆಗಳವರಿಗೆಲ್ಲ ಸುಳ್ಳು ಹೇಳಿ ಬಸ್ಸು ಹತ್ತಿದೆವು.

ಮೇಡಂ ಮೊದಲಿಗೆ ತಮ್ಮ ಕ್ರಮ ಹೇಳಿದರು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಒಂದೆರಡು ಸಲ ಬಂದರೆ ಆಗುವುದಿಲ್ಲ. ಡಾಕ್ಟರ ಮಾತ್ರೆ ತಾವಾಗಿ ನಿಲ್ಲಿಸಬಾರದು. ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ. ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ. ಶುರುವಿನಲ್ಲಿ ಇನ್ನೂ ಭಾರ ಅನ್ನಿಸಬಹುದು, ಹೆದರಬೇಡಿ. ನಾನು ನಿಮಗೆ ಸರಿಹೋಗದಿದ್ದರೆ ಸಂಕೋಚವಿಲ್ಲದೆ ಹೇಳಿ, ಬೇರೆಯವರ ಹತ್ತಿರ ಕಳಿಸುತ್ತೇನೆ ಎಂದರು. ನಾನು ಅರ್ಧ ಕಿವಿಯಲ್ಲಿ ಕೇಳುತ್ತಾ ಅವರ ಸೀರೆ ನೋಡುತ್ತಿದ್ದೆ.

ಆಮೇಲೆ ಇವರ ಕಡೆ ತಿರುಗಿ ಏನಾಗುತ್ತಿದೆ ಎಂದು ಕೇಳಿದರು. ನಮ್ಮ ಕಡೆ ಕಾಯಿಲೆ ಹೇಳುವವರು ಕಾಯಿಲೆಯವರಲ್ಲ, ಜೊತೆಗೆ ಬಂದವರು. ನಾನು ಶುರುಮಾಡಿದೆ. ಊಟ, ನಿದ್ದೆ, ಹಾಕಿದ ಹರಕೆ, ಎಲ್ಲ ಒಪ್ಪಿಸಿದೆ. ಮೇಡಂ ಪೂರ್ತಿ ಕೇಳಿ, ಮತ್ತೆ ಇವರನ್ನೇ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಬಾಯಿ ತೆರೆದೆ.

"ನೀವು ಸ್ವಲ್ಪ ಹೊರಗೆ ಕೂತಿರಮ್ಮ. ಅವರಿಗೂ ಮಾತು ಬರತ್ತೆ. ತಡ ಆಗತ್ತೆ ಅಷ್ಟೆ."

ಅಲ್ಲಿಂದ ನನ್ನ ಹೊಟ್ಟೆಕಿಚ್ಚು ಹೊತ್ತಿಕೊಂಡಿತು. ಗುರುವಾರ ಬಂತೆಂದರೆ ಇವರು ತಾವಾಗಿ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದರು, ಇಸ್ತ್ರಿ ಅಂಗಿ ಹುಡುಕುತ್ತಿದ್ದರು. ನನ್ನ ಜೊತೆ ತಂಗಿಯ ಮದುವೆಗೆ ಬರುವಾಗಲೂ ಇಷ್ಟು ಸಡಗರ ಇರಲಿಲ್ಲ. ಬಾಗಿಲಿಗೆ ಕಿವಿಗೊಟ್ಟರೆ ಏನೂ ಕೇಳುತ್ತಿರಲಿಲ್ಲ. ನಾಲ್ಕನೆಯ ವಾರ ಕೇಳಿತು, ಇವರು ಅಳುತ್ತಿದ್ದರು. ತಮ್ಮನ ಚಿತೆಯ ಮುಂದೆ ಅಳದವರು, ನನ್ನ ಮಡಿಲಲ್ಲಿ ಅಳದವರು, ಆ ಹೆಂಗಸಿನ ಮುಂದೆ ಅಳುತ್ತಿದ್ದರು. ಆ ವಾರವೆಲ್ಲ ಮನೆಯಲ್ಲಿ ಅನ್ನ ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದರು.

ಮುಂದಿನ ಗುರುವಾರ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದು ನಾನೇ ಮೊದಲು ಒಳಗೆ ನುಗ್ಗಿದೆ. ಜಗಳ ಆಡಲೂ ಬರಿಗೈಯಲ್ಲಿ ಹೋಗಬಾರದೆಂದು ನಮ್ಮಮ್ಮ ಕಲಿಸಿದ್ದರು. ಭರಣಿ ಮೇಜಿನ ಮೇಲಿಟ್ಟು, ಅವರು ಹೀಗಾಗುವಂಥದ್ದು ಏನು ಮಾತಾಡಿದಿರಿ ಎಂದು ಕೇಳಿದೆ. ಮೇಡಂ ಸಿಟ್ಟಾಗಲಿಲ್ಲ. ಭಾರ ಆಗುತ್ತದೆಂದು ಮೊದಲ ದಿನವೇ ಹೇಳಿದ್ದೆ, ನಿಮ್ಮ ಗಮನ ಬೇರೆ ಕಡೆ ಇತ್ತು ಎಂದರು. ವಾಸನೆಗೆ ಅವರ ಬಾಯಲ್ಲಿ ನೀರೂರಿದ್ದು ನನಗೆ ಕಾಣುತ್ತಿತ್ತು. ಆದರೂ ಭರಣಿಯನ್ನು ನನ್ನ ಕಡೆಗೇ ಸರಿಸಿದರು.

"ಇದನ್ನ ತಗೊಂಡ್ರೆ ನಾನು ನಿಮ್ಮ ಮನೆಯವಳಾಗ್ಬಿಡ್ತೀನಿ. ಆಮೇಲೆ ಅವರು ನನ್ಹತ್ರಾನೂ ಹೇಳಲ್ಲ."

ಮುಂದುವರಿದು, "ನಿಮ್ಮ ಹತ್ರ ಹೇಳೋ ದಿನ ಬರತ್ತೆ. ಅವತ್ತು ನೀವು ಸುಮ್ನಿರ್ಬೇಕು. ಆಗತ್ತಾ ನಿಮ್ಮಿಂದ?" ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡನ ಮಾತು ಕೇಳುವುದನ್ನು ಈ ಮೇಡಂ ನನಗೆ ಕಲಿಸಬೇಕೇ?

ಆ ದಿನ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಬೆಳಿಗ್ಗೆ ಒಲೆಯ ಮುಂದೆ ಕೂತವರು ಯಾರೂ ಕೇಳದೆಯೇ ಬಾಯಿ ಬಿಟ್ಟರು. "ಮಳೆ ಬಿದ್ದಿದೆ, ಏಣಿ ಜಾರ್ತದೆ ಅಂತ ಅವ ಹೇಳಿದ್ದ ಮಾರಾಯ್ತಿ. ಹತ್ತು ಅಂದಿದ್ದು ನಾನೇ."

ನಿಮ್ಮ ತಪ್ಪೇನಿಲ್ಲ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎರಡು ವರ್ಷ ಅದನ್ನೇ ಹೇಳಿ ಹೇಳಿ ಅವರ ಬಾಯಿ ಮುಚ್ಚಿಸಿದ್ದೆ ಎಂದು ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ. ಅನ್ನ ಸೀದ ವಾಸನೆ ಬಂತು, ಏಳಲಿಲ್ಲ. ಅವರು ತುಂಬ ಹೊತ್ತು ಮಾತಾಡಿದರು.

ಕೆಲವು ವರ್ಷಗಳ ನಂತರ ಮೇಡಂ ತೀರಿಕೊಂಡ ಸುದ್ದಿ ಬಂತು. ಇಬ್ಬರೂ ಹೋದೆವು. ಇವರು ಎಲ್ಲರೆದುರು ಬಿಕ್ಕಿ ಅತ್ತರು. ಸುಳ್ಳೇಕೆ ಹೇಳಲಿ, ಆ ಮಾತನ್ನು ಮೊದಲು ಕೇಳಿದವರು ಮೇಡಂ, ನಾನು ಎರಡನೆಯವಳು ಎಂಬ ಉರಿ ಆಗಲೂ ಒಂದಿಷ್ಟು ಉಳಿದಿತ್ತು. ಮೇಡಂ ಮಗಳು ಇವರನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ನಾವು ಯಾರೆಂದು ವಿಚಾರಿಸಿದಳು. ನಮ್ಮ ಹೆಸರಾಗಲಿ, ಊರಾಗಲಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮ ಹಾಗೇ ತುಂಬ ಜನ ಬಂದು ಅಳ್ತಿದಾರೆ. ಅಮ್ಮ ಮನೇಲಿ ನಂಗೆ ಒಂದಿನಾನೂ ಏನೂ ಹೇಳ್ಲಿಲ್ಲ."

ಅವಳ ಮುಖದಲ್ಲಿದ್ದದ್ದು ಬರೀ ದುಃಖವಲ್ಲ. ಅದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಅವಳ ಕೈ ಹಿಡಿದು ಪಕ್ಕದಲ್ಲಿ ಕೂತೆ. ಅವಳು ಮಾತಾಡಿದಳು, ನಾನು ಸುಮ್ಮನಿದ್ದೆ.