ಕಾಕಿ ಹೊಡೆದಳೆಂಬ ಮಾತು

ಹೋದ ತಿಂಗಳು ಮೊಮ್ಮಗಳು ಅಂಗಳದಲ್ಲಿ ಬಿದ್ದು ಮೊಣಕಾಲು ಊದಿಸಿಕೊಂಡಳು. ಸೊಸೆ ಅರಿಶಿನಕ್ಕೆ ಸುಣ್ಣ ಕಲಸಿ, ಬಿಸಿ ಮಾಡಿ ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಕಾಕದ ನಮ್ಮ ಓಣಿಯ ಬಾಜೂ ಮನೆ ಕಾಕಿ ನೆನಪಾದರು…

ಕಾಕಾನ ಮೊದಲ ಹೆಂಡತಿ ತೀರಿಕೊಂಡ ಮೇಲೆ ಹುಕ್ಕೇರಿಯಿಂದ ಮದುವೆಯಾಗಿ ಬಂದವರು ಈ ಕಾಕಿ. ಮೊದಲಿನವರ ಮಗಳು ನನ್ನ ಜೊತೆ ಸಾಲಿಗೆ ಬರುತ್ತಿದ್ದಳು. ಅವಳ ಜಡೆ ಹೆಣೆಯದೆ ಕಾಕಿ ಒಂದು ದಿನವೂ ಒಲೆ ಹೊತ್ತಿಸಿದವರಲ್ಲ.

ಐವತ್ತೇಳನೇ ಇಸವಿಯಲ್ಲಿ ದೇಶಕ್ಕೆಲ್ಲ ಫ್ಲೂ ಬಂತು. ದವಾಖಾನೆಯ ಮುಂದೆ ಜನವೋ ಜನ. ಡಾಕ್ಟರಿಗೆ ನಾಲಿಗೆ ನೋಡಲೂ ಪುರುಸೊತ್ತಿಲ್ಲ, ಎಲ್ಲರಿಗೂ ಅದೇ ಕೆಂಪು ಔಷಧ. ನಾವೆಲ್ಲ ವಾರದಲ್ಲಿ ಎದ್ದು ಕುಣಿದೆವು. ಕಾಕಿಯ ಮಗಳು, ನನ್ನ ಗೆಳತಿ, ಏಳಲಿಲ್ಲ. ಮುಖ ಬಿಳಿಚಿಕೊಂಡಿತು, ಕಾಲ ಮೇಲೆ ನೀಲಿ ಕಲೆಗಳೆದ್ದವು. ಎಲ್ಲೋ ಬಿದ್ದಿರಬೇಕೆಂದು ಕಾಕಿ ಅರಿಶಿನ-ಸುಣ್ಣ ಹಚ್ಚಿದರು. ಅದೇ ಮುಳುವಾಯಿತು. ಪೆಟ್ಟಿಲ್ಲದೆ ಆ ಲೇಪ ಯಾರು ಹಚ್ಚುತ್ತಾರೆ? ಅದರಲ್ಲೂ ಮಲತಾಯಿ!

"ಬಡದದ್ದು ಮುಚ್ಚಾಕ ಅರಿಶಿಣ ಬಳದಾಳ ನೋಡ್ರಿ," ಎಂದು ಮೊದಲು ಹೇಳಿದವಳು ನನ್ನ ಅವ್ವನೇ.

ಕಾಕಿ ಮತ್ತೆ ಮತ್ತೆ ಹುಡುಗಿಯನ್ನು ಹೊತ್ತು ದವಾಖಾನೆಗೆ ಹೋದರು. "ಎಲ್ಲಾರಿಗೂ ಬಂದದ್ದ ಬಂದೈತಿ, ಮನೀಗೆ ಹೋಗ್ರಿ," ಎಂದು ಕಳಿಸಿದರು. ಕಾಲು ತೋರಿಸಿದರೆ ಅಲ್ಲಿಯ ನರ್ಸಬಾಯಿ ಕಾಕಿಯ ಮುಖವನ್ನೇ ದಿಟ್ಟಿಸಿದಳಂತೆ. ಫ್ಲೂ ಇಳಿದ ಮೇಲೆ ಮಿರಜದ ದೊಡ್ಡ ದವಾಖಾನೆಗೆ ಒಯ್ದರು. ಅಲ್ಲಿ ರಕ್ತ ತೆಗೆದು ನೋಡಿ, ಇದು ರಕ್ತದ ಕ್ಯಾನ್ಸರ್, ಇದರಲ್ಲಿ ಯಾರೂ ಹೊಡೆಯದೆಯೇ ಮೈ ನೀಲಿಗಟ್ಟುತ್ತದೆ ಎಂದರು. ಆ ಕಾಲದಲ್ಲಿ ಬೇಗ ಒಯ್ದಿದ್ದರೂ ಉಳಿಯುತ್ತಿರಲಿಲ್ಲವೇನೋ… ಆದರೆ ಇದ್ದಷ್ಟು ದಿನ ತಾಯಿ-ಮಗಳು ನೆಮ್ಮದಿಯಿಂದ ಇರಬಹುದಿತ್ತು.

ದೀಪಾವಳಿಗೆ ಮೊದಲೇ ಹುಡುಗಿ ತೀರಿಕೊಂಡಳು. ಕಾಕಾ ಮನೆಮನೆಗೆ ಹೋಗಿ ಮಿರಜದ ಡಾಕ್ಟರ ಮಾತು ಹೇಳಿದರು. ಎಲ್ಲರೂ ಚಹಾ ಕೊಟ್ಟರು, ತಲೆಯಾಡಿಸಿದರು. ಆದರೆ ಅಲ್ಲಿಂದ ಮುಂದೆ ಉಡಿ ತುಂಬುವ ಕಾರ್ಯಕ್ಕೆ ಕಾಕಿಯನ್ನು ಒಬ್ಬರೂ ಕರೆಯಲಿಲ್ಲ. ಒಂದು ದಿನ ಕಾಕಿ ಅವ್ವನ ಮುಂದೆ ಬಂದು ನಿಂತು, "ನಾ ಬಡದಿಲ್ಲ ಅಂತ ನೀವರ ಒಮ್ಮಿ ಅನ್ರಿ, ಅಕ್ಕಾರ," ಎಂದರು.

"ಹೋಗ್ಲಿ ಬಿಡ್ರಿ, ಆಗಿದ್ದು ಆತು," ಎಂದು ಅವ್ವ ಒಳಗೆ ಹೋದಳು. ವರ್ಷದೊಳಗೆ ಗಂಡ-ಹೆಂಡತಿ ಮನೆ ಬಿಟ್ಟು ಹುಕ್ಕೇರಿಗೆ, ಕಾಕಿಯ ತವರಿಗೆ ಹೋದರು.

ಈ ವಾರ ಮದುವೆಯೊಂದಕ್ಕೆ ಹುಕ್ಕೇರಿಗೆ ಹೋಗಿದ್ದೆ. ಕಾಕಿ ಇನ್ನೂ ಇದ್ದರೆ ಕಾಲು ಮುಟ್ಟಿ ಬರಬೇಕೆಂದು, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಮುದುಕಿಯನ್ನು ವಿಚಾರಿಸಿದೆ. ಗೋಕಾಕದಿಂದ ಬಂದವರು, ಒಬ್ಬಳೇ ಮಗಳು ತೀರಿಹೋಗಿದ್ದಳು ಎಂದೆ. ಆಕೆ ನನ್ನ ಕಡೆ ತಿರುಗಿದಳು.

"ಯಾರು, ಮಗಳನ್ನ ಬಡದ ಕೊಂದಾಕಿ ಏನ್ರಿ? ಆಕಿ ಸತ್ತು ಭಾಳ ವರ್ಷ ಆತು."