ಮಡಿಕೆ ಅತ್ತೆಯ ಬಟ್ಟೆ ಇಲಿಗಳು

ಅವಳ ಸ್ವಂತ ಹೆಸರು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಉಳಿದಂತೆ ಅವಳು ಮಡಿಕೆ ಅತ್ತೆ. ಬಟ್ಟೆ ಮಡಿಸುವ ಕೈಚಳಕದಿಂದ ಬಂದ ಹೆಸರು ಅದು. ಮಾತು ಕಲಿಯುವ ಮಕ್ಕಳ ಬಾಯಲ್ಲಿ ಮಡಿಕೆ ಹೋಗಿ ಮಡಕೆ ಆಯಿತು. ದೊಡ್ಡವರೂ ತಮಾಷೆಗೆ ಹಾಗೇ ಕರೆಯತೊಡಗಿದಾಗ ಅವಳು ತನ್ನ ಸೊಂಟದ ಸುತ್ತಳತೆಯನ್ನು ಒಮ್ಮೆ ನೋಡಿಕೊಂಡು, ಮಕ್ಕಳು ಕಂಡದ್ದನ್ನೇ ಹೇಳುತ್ತವೆ, ತಪ್ಪೇನಿದೆ ಅಂದಳು. ಅಲ್ಲಿಗೆ ತಮಾಷೆ ಮಾಡುವವರ ಬಾಯಿ ಬಂದ್.

ನಾನೂ ಅವಳೂ ಒಟ್ಟಿಗೇ ಆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದವರು. ನಾನು ಕಟಿಂಗ್ ಮೇಜಿಗೆ, ಅವಳು ಕಾಲರ್ ಹೊಲಿಯುವ ಸಾಲಿಗೆ. ಅವಳ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಊಟದ ಬಿಡುವಿನಲ್ಲಿ ಅವಳೇ ಹೇಳಿದ್ದು. ಅವಳ ಮಾತಿಗೆ ಸ್ವಲ್ಪ ಉಪ್ಪುಖಾರ ಜಾಸ್ತಿ. ಆದಷ್ಟು ಸಪ್ಪೆ ಮಾಡಿಯೇ ಹೇಳುತ್ತೇನೆ.

ಅವಳಪ್ಪ ಬೀದಿ ಬದಿಯಲ್ಲಿ ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದ. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ, ಮೇಜಿನ ಮೇಲೆ ನಾಲ್ಕು ಪದರ ಹಳೆಯ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಕಂದಿದ ಬಿಳಿ ಹೊದಿಕೆ. ಅಮ್ಮ ಮನೆಮನೆಗೆ ಹೋಗಿ ಬಟ್ಟೆ ತರುತ್ತಿದ್ದಳು, ಮಡಿಸಿದ್ದನ್ನು ತಲುಪಿಸುತ್ತಿದ್ದಳು. ಮಗಳು ಮೇಜಿನ ಕೆಳಗೆ, ಗಂಟುಗಳ ನಡುವೆ. ಅಲ್ಲಿ ಆಟಿಕೆ ಅಂತ ಏನೂ ಇರಲಿಲ್ಲ. ಇದ್ದದ್ದು ಇಸ್ತ್ರಿಗೆ ಕಾದಿರುವ ಊರವರ ಕರವಸ್ತ್ರಗಳು. ಅಪ್ಪನೇ ಒಂದು ದಿನ ಕೈ ಬಿಡುವು ಮಾಡಿಕೊಂಡು, ಮೂಲೆಗೆ ಮೂಲೆ ಕೂಡಿಸಿ, ಎರಡು ತುದಿಗಳನ್ನು ನಡುವಿಗೆ ತಂದು, ಕೆಳಗಿನಿಂದ ಸುರುಳಿ ಸುತ್ತಿ, ಒಳಮಗ್ಗುಲನ್ನು ಹೊರಕ್ಕೆ ತಿರುವುತ್ತ ತಿರುವುತ್ತ ಒಂದು ಇಲಿ ಮಾಡಿಕೊಟ್ಟ. ಒಂದು ತುದಿ ಬಾಲವಾಯಿತು, ಇನ್ನೊಂದನ್ನು ಬಿಡಿಸಿ ಸಡಿಲವಾಗಿ ಗಂಟು ಹಾಕಿದ್ದಕ್ಕೆ ಕಿವಿಗಳು ಬಂದವು. ಅಂಗೈ ಮೇಲಿಟ್ಟುಕೊಂಡು ಬೆರಳಿಂದ ತಳ್ಳಿದರೆ ಮೊಣಕೈವರೆಗೆ ಓಡಿತು.

ಆದರೆ ಬಟ್ಟೆ ಬೇರೆಯವರದ್ದು. ಹೊಲಿಯುವಂತಿಲ್ಲ, ಕತ್ತರಿಸುವಂತಿಲ್ಲ, ಬಿಗಿಯಾಗಿ ಗಂಟು ಹಾಕುವಂತಿಲ್ಲ. ಸಂಜೆಯೊಳಗೆ ಇಲಿ ಮತ್ತೆ ಕರವಸ್ತ್ರವಾಗಿ ಇಸ್ತ್ರಿಯ ಕೆಳಗೆ ಮಲಗಬೇಕು. ಹೀಗಾಗಿ ದಿನಾ ಬಿಚ್ಚುವುದು, ದಿನಾ ಮಾಡುವುದು. ಟವೆಲ್ ಸಿಕ್ಕಿದರೆ ಮೊಲ, ಹೊದಿಕೆ ಸಿಕ್ಕಿದರೆ ಆನೆ, ಎರಡು ಅಂಚಿನಿಂದಲೂ ಒಳಕ್ಕೆ ಸುತ್ತಿ ಮಗುಚಿದರೆ ತೊಟ್ಟಿಲಲ್ಲಿ ಮಲಗಿದ ಅವಳಿ ಕೂಸುಗಳು. ಒಮ್ಮೆ ಒಬ್ಬ ಮೇಷ್ಟ್ರ ಪಂಚೆಯನ್ನು ಕೊಕ್ಕರೆ ಮಾಡಿ, ಬಿಚ್ಚಲು ಮರೆತು, ಅದು ಹಾಗೇ ಅವರ ಮನೆಗೆ ಹೋಯಿತಂತೆ. ಮೇಷ್ಟ್ರು ಬೈಯಲಿಲ್ಲವಂತೆ, ಕೊಕ್ಕರೆಗೆ ಕಾಲು ಒಂದೇ ಯಾಕೆ ಅಂತ ಮಾತ್ರ ಕೇಳಿದರಂತೆ. ಇಲ್ಲಿ ಉಪ್ಪುಖಾರ ಇದ್ದರೂ ಇರಬಹುದು.

ಫ್ಯಾಕ್ಟರಿಯಲ್ಲಿ ಅವಳ ಕಾಲರ್‌ಗಳಿಗೆ ಹೆಸರಿತ್ತು. ಮೂಲೆ ಚೂಪಾಗಿ, ಎರಡೂ ಕಡೆ ಒಂದೇ ಅಳತೆಯಾಗಿ ಬರುತ್ತಿದ್ದವು. ಅದು ಅವಳಿಗೂ ಗೊತ್ತಿತ್ತು, ಬೇರೆಯವರಿಗೂ ಗೊತ್ತಾಗುವ ಹಾಗೆ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಮೆಷಿನ್ನಿನ ಸೂಜಿ ಅವಳ ಬಲಗೈ ತೋರುಬೆರಳಿನೊಳಗೆ ಇಳಿದು ಅಲ್ಲೇ ಮುರಿಯಿತು. ಡಾಕ್ಟರು ಚೂರು ತೆಗೆದರು, ಗಾಯ ಮಾಯಿತು, ಆದರೆ ಬೆರಳ ತುದಿಗೆ ಸ್ಪರ್ಶ ಮರಳಲಿಲ್ಲ. ಸೂಜಿಯ ಪಕ್ಕ ಬಟ್ಟೆ ಎಷ್ಟು ಸರಿದಿದೆ ಅನ್ನುವುದು ಆ ತುದಿಗೇ ತಿಳಿಯಬೇಕು. ಕಾಲರ್‌ಗಳು ಓರೆ ಬರತೊಡಗಿದವು. ಸೂಪರ್‌ವೈಸರ್ ಒಳ್ಳೆಯವನೇ. ತಲೆ ತಗ್ಗಿಸಿಕೊಂಡು ಬಂದು, ಕೆಳಗೆ ಮಕ್ಕಳ ಕೋಣೆಯಲ್ಲಿ ಆಯಾ ಕೆಲಸ ಖಾಲಿ ಇದೆ ಅಂದ.

ಕೆಲಸಕ್ಕೆ ಬರುವ ತಾಯಂದಿರು ತಮ್ಮ ಕೂಸುಗಳನ್ನು ಬಿಟ್ಟು ಹೋಗುವ ಕೋಣೆ ಅದು. ಮೆಟ್ಟಿಲ ಕೆಳಗಿನ ಉದ್ದನೆಯ ಜಾಗ, ಹಸಿರು ಬಣ್ಣ ಬಳಿದ ಗೋಡೆ, ಚಾಪೆಗಳ ಸಾಲು, ಮೇಲಿನ ಮೆಷಿನ್‌ಗಳ ಗುಂಯ್ ಸದ್ದು ಇಡೀ ದಿನ. ಅವಳು ಹೋದಳು. ಆದರೆ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಸಹಿ ಹಾಕುವುದಿದ್ದರೂ ಕಾಗದವೇ ಕೆಳಗೆ ಬರಬೇಕಿತ್ತು. ಮೊಣಕಾಲು ನೋವು ಅನ್ನುತ್ತಿದ್ದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ ಅಂತ ನನಗೆ ಗೊತ್ತಿತ್ತು.

ಅವಳು ಕೆಳಗೆ ಹೋದ ಹೊಸದರಲ್ಲೇ ಒಂದು ಮಗು ಬೊಂಬೆಯ ಕಣ್ಣಿನ ಗುಂಡಿ ಕಿತ್ತು ಮೂಗಿಗೆ ತುರುಕಿಕೊಂಡಿತು. ಗುಂಡಿ ಹೊರಗೆ ಬಂತು, ಮಗು ನಕ್ಕಿತು, ಆದರೆ ಫ್ಯಾಕ್ಟರಿ ನರ್ಸ್ ಬಿಡಲಿಲ್ಲ. ಕಿತ್ತು ಬರುವ, ಉದುರುವ, ಒಡೆಯುವ ಯಾವುದೂ ಕೋಣೆಯಲ್ಲಿರಕೂಡದು ಅಂದಳು. ಕಪಾಟು ಬರಿದಾಯಿತು. ಮಕ್ಕಳು ಗೋಡೆ ಕೆರೆಯಲು ಶುರು ಮಾಡಿದವು. ಆಗ ಅತ್ತೆ ನನ್ನ ಹತ್ತಿರ ಕಟಿಂಗ್ ಮೇಜಿನ ಉಳಿಕೆ ಬಟ್ಟೆ ಕೇಳಿ ಕಳಿಸಿದಳು. ದೊಡ್ಡ ತುಂಡುಗಳಿರಲಿ, ಅಂಚು ನೂಲು ಬಿಡುವಂಥದ್ದು ಬೇಡ ಅಂತ ತಾಕೀತು ಬೇರೆ. ನಾನು ಒಂದು ಹೊರೆ ಇಳಿಸಿ ಬಂದೆ. ಮರುದಿನ ಹೋಗಿ ನೋಡಿದರೆ ಚಾಪೆಯ ತುಂಬ ಇಲಿ, ಮೊಲ, ಆನೆ. ಸೂಜಿ ಇಲ್ಲ, ದಾರ ಇಲ್ಲ, ಗುಂಡಿ ಇಲ್ಲ. ಮಗು ಬಾಯಿಗೆ ಹಾಕಿದರೆ ಒದ್ದೆಯಾಗುತ್ತದೆ ಅಷ್ಟೆ. ಬಿಚ್ಚಿದರೆ ಬಟ್ಟೆ, ಕುದಿಸಿ ಒಣಗಿಸಿ ಮಡಿಸಿದರೆ ಮತ್ತೆ ಇಲಿ. ನರ್ಸ್ ಒಂದು ಮೊಲವನ್ನು ಎಳೆದಾಡಿ ನೋಡಿ, ತನ್ನ ಮಗನಿಗೂ ಒಂದು ಬೇಕು ಅಂದಳು. ಸ್ಪರ್ಶವಿಲ್ಲದ ಆ ಬೆರಳು ಮಡಿಸುವುದಕ್ಕೆ ಅಡ್ಡ ಬರಲೇ ಇಲ್ಲ. ಮಡಿಸುವ ಕೆಲಸ ಅಂಗೈಯದ್ದು ಕಣೆ ಅಂತ ಅವಳು ನನಗೆ ಹೇಳಿದಳು. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಹಳೆಯ ಗತ್ತು ಕೇಳಿಸಿತು.

ಆ ಗತ್ತಿಗೆ ಪೆಟ್ಟು ಬಿದ್ದದ್ದು ಮಿಂಚು ಅನ್ನುವವಳು ಬಂದ ಮೇಲೆ.

ಅತ್ತೆ ಬಿಟ್ಟ ಮೆಷಿನ್ನಿಗೆ ಬಂದ ಹೊಸಬಳು ಅವಳು. ಕೈ ಅಷ್ಟು ಚುರುಕು, ಅದಕ್ಕೇ ಸಾಲಿನವರು ಆ ಹೆಸರಿಟ್ಟರು. ಗಂಡ ಲಾರಿ ಓಡಿಸುತ್ತಿದ್ದ, ವಾರಗಟ್ಟಲೆ ಮನೆಗಿಲ್ಲ. ಎರಡು ವರ್ಷ ತುಂಬಿದ ಮಗಳನ್ನು ಬೆಳಿಗ್ಗೆ ಮಕ್ಕಳ ಕೋಣೆಯಲ್ಲಿ ಬಿಡುತ್ತಿದ್ದಳು. ಆ ಮಗು ಬಾಗಿಲ ಪಕ್ಕ ಕೂತರೆ ಏಳುತ್ತಿರಲಿಲ್ಲ. ಅಳು, ಅಳು ನಿಂತರೆ ಬಿಕ್ಕು, ಬಿಕ್ಕು ನಿಂತರೆ ಮತ್ತೆ ಅಳು. ಊಟ ಇಲ್ಲ, ನಿದ್ದೆ ಇಲ್ಲ. ಅತ್ತೆ ತನ್ನ ಇಲಿಯನ್ನು ತೋಳ ಮೇಲೆ ಓಡಿಸಿಕೊಂಡು ಹೋದಳು. ಮಗು ಅದನ್ನು ಎತ್ತಿ ಎಸೆಯಿತು. ಮೊಲವನ್ನೂ ಎಸೆಯಿತು. ಆನೆಯನ್ನು ಕಾಲಲ್ಲಿ ಒದೆಯಿತು. ಅತ್ತೆಯ ಇಲಿಗೆ ಮರುಳಾಗದ ಮಗು ಅಲ್ಲಿಯವರೆಗೆ ಬಂದಿರಲಿಲ್ಲ.

ದಿನಾ ನೋಡುತ್ತಿದ್ದ ಅತ್ತೆಯ ಕಣ್ಣಿಗೆ ಒಂದು ವಿಷಯ ಬಿತ್ತು. ಬೆಳಿಗ್ಗೆ ತಾಯಿಯಿಂದ ಬಿಡಿಸಿ ಎತ್ತಿಕೊಳ್ಳುವಾಗ ಮಗುವಿನ ಕೈ ಹಿಡಿಯುತ್ತಿದ್ದದ್ದು ತಾಯಿಯ ಕೈಯನ್ನಲ್ಲ, ಕೊರಳನ್ನಲ್ಲ. ಹತ್ತಿಯ ದೂಳು ಕೂದಲಿಗೆ ಕೂರದಿರಲೆಂದು ಮೇಲಿನವರೆಲ್ಲ ತಲೆಗೆ ಕಟ್ಟುತ್ತಾರಲ್ಲ, ಆ ಬಟ್ಟೆಯನ್ನು. ಮರುದಿನ ಮಿಂಚುವನ್ನು ನಿಲ್ಲಿಸಿ, ನಿನ್ನ ತಲೆಬಟ್ಟೆ ಇಲ್ಲಿ ಕೊಟ್ಟು ಹೋಗಮ್ಮ, ನೀನು ಬೇರೆ ಕಟ್ಟಿಕೋ ಅಂದಳು. ಅದರಲ್ಲಿ ಮಗುವಿಗೆ ಇಲಿ ಮಾಡಲು ಅಂತ ತಿಳಿದು ಮಿಂಚುವಿನ ಮುಖ ಬಿಗಿಯಿತು.

"ನನ್ನ ಮಗಳು ಚಿಂದಿ ಬಟ್ಟೆ ಇಟ್ಕೊಂಡು ಆಡೋದು ಬೇಡ ಅತ್ತೆ. ನಾನು ಹುಟ್ಟಿದಾಗಿನಿಂದ ಬೇರೆಯವರು ಬಿಟ್ಟಿದ್ದನ್ನೇ ತೊಟ್ಟವಳು. ಅವಳಿಗೆ ಹಾಗಾಗಬಾರದು."

ಅತ್ತೆಗೆ ಚುರ್ ಅಂದಿತು. ನಾನು ಬಿಟ್ಟ ಮೆಷಿನ್ನಲ್ಲೇ ಕೂತಿದ್ದೀಯಲ್ಲಮ್ಮ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತಂತೆ, ನುಂಗಿಕೊಂಡಳಂತೆ. ಮಾತು ನುಂಗಿದ್ದು ಜೀವನದಲ್ಲಿ ಅದೇ ಮೊದಲು ಅಂತಲೂ ನನಗೆ ಹೇಳಿದಳು.

ಮಿಂಚು ಅಂಗಡಿಯಿಂದ ನಾಯಿಯೊಂದನ್ನು ತಂದಳು. ಬ್ಯಾಟರಿ ನಾಯಿ, ಗುಂಡಿ ಒತ್ತಿದರೆ ಬೊಗಳುತ್ತ ತಲೆ ಆಡಿಸುತ್ತದೆ. ನರ್ಸಿನ ಕಣ್ಣು ತಪ್ಪಿಸಿ ಅದನ್ನು ಮಗುವಿನ ಮುಂದಿಟ್ಟು ಮೆಟ್ಟಿಲು ಹತ್ತಿದಳು. ನಾಯಿ ಬೊಗಳಿದ್ದೇ ತಡ, ಕೋಣೆಯ ಮಕ್ಕಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಇವಳ ಮಗಳಂತೂ ಹೆದರಿ ನೀಲಿಯಾದಳು. ಆ ದಿನ ಮಿಂಚುವಿಗೆ ಮತ್ತೆ ಮತ್ತೆ ಕೆಳಗಿಳಿಯಬೇಕಾಯಿತು. ಹೀಗೇ ಆದರೆ ಸಾಲಿನಿಂದ ತೆಗೆದು ದಾರ ಕತ್ತರಿಸುವ ಬೆಂಚಿಗೆ ಹಾಕಬೇಕಾಗುತ್ತದೆ ಅಂತ ಸೂಪರ್‌ವೈಸರ್ ಎಲ್ಲರೆದುರೇ ಹೇಳಿದ. ಆ ಬೆಂಚಿಗೆ ಹೋದವರಿಗೆ ಮತ್ತೆ ಮೆಷಿನ್ ಸಿಗುವುದು ಕಷ್ಟ.

ಮರುದಿನ ಊಟದ ಬಿಡುವಿಗೆ ನಾನು ಅತ್ತೆಯ ಜೊತೆ ಡಬ್ಬಿ ಬಿಚ್ಚಿ ಕೂತಿದ್ದೆ. ಮಿಂಚು ಬಾಗಿಲಲ್ಲಿ ಬಂದು ನಿಂತಳು. ತಲೆಯಿಂದ ಬಟ್ಟೆ ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. ಗೆದ್ದ ಅತ್ತೆ ಈಗ ನಾಲ್ಕು ಮಾತು ಬಿಗಿಯುತ್ತಾಳೆ ಅಂದುಕೊಂಡೆ. ಅವಳು ಕೈ ತೊಳೆದು ಬಂದು ಚಾಪೆ ತೋರಿಸಿದಳು.

"ಕೂತ್ಕೋ. ನಾನು ಮಾಡಿದ್ರೆ ಅದು ನನ್ನ ಇಲಿ ಆಗತ್ತೆ. ನೀನೇ ಮಡಿಸು."

"ನನಗೆ ಬರಲ್ಲ ಅತ್ತೆ."

"ಕಾಲರ್ ಬರತ್ತೆ, ಇದು ಬರಲ್ವಾ?"

ಮಗು ಬಾಗಿಲ ಪಕ್ಕದಿಂದ ನೋಡುತ್ತಿತ್ತು. ಅತ್ತೆ ಬಾಯಲ್ಲಿ ಹೇಳುತ್ತ ಹೋದಳು, ಕೈ ಹಾಕಲಿಲ್ಲ. ಮೂಲೆಗೆ ಮೂಲೆ, ತುದಿ ನಡುವಿಗೆ, ಸುತ್ತು, ಮಗುಚು, ಹೊರಕ್ಕೆ ತಿರುವು. ಮಿಂಚುವಿನ ಬೆರಳುಗಳಿಗೆ ಅವಸರ, ಸುರುಳಿ ಎರಡು ಸಲ ಬಿಚ್ಚಿಕೊಂಡಿತು. ಕೊನೆಗೂ ಏನೋ ಒಂದು ಆಯಿತು. ಒಂದು ಕಿವಿ ದೊಡ್ಡದು, ಇನ್ನೊಂದು ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು, ಹೊಟ್ಟೆ ಮಾತ್ರ ದಂಡಿಯಾಗಿ. ಅಷ್ಟು ಹೊತ್ತಿಗೆ ಮಗು ಎದ್ದು ಬಂದು ತಾಯಿಯ ಮೊಣಕಾಲಿಗೆ ಒರಗಿ ನಿಂತಿತ್ತು. ಅದನ್ನು ತೆಗೆದುಕೊಂಡಿತು, ಮೂಗಿಗೆ ಒತ್ತಿಕೊಂಡಿತು, ಹಾಗೇ ನಿಂತಿತು. ನಾನು ತುತ್ತು ಬಾಯಿಗೆ ಹಾಕುವುದನ್ನು ಮರೆತೆ.

"ಇದು ಇಲಿನಾ? ಆಲೂಗಡ್ಡೆ ಇದ್ದ ಹಾಗಿದೆ," ಅಂದಳು ಮಿಂಚು. ನಗಲು ಹೋದವಳಿಗೆ ಅಳು ಬಂತು.

ಬಿಡುವು ಮುಗಿದು ತಾಯಿ ಎದ್ದಾಗ ಮಗು ಅತ್ತಿತು. ಅಳದೆ ಇರಲಿಲ್ಲ. ಆದರೆ ಬಾಗಿಲಿಗೆ ಓಡಲಿಲ್ಲ. ಆಲೂಗಡ್ಡೆಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತು, ಚಾಪೆಯ ಮೇಲೆ ಮಲಗಿ ನಿದ್ದೆಹೋಯಿತು. ಎದ್ದ ಮೇಲೆ ಅತ್ತೆಯ ಕೈಯಿಂದ ಮೊದಲ ಸಲ ಅನ್ನ ತಿಂದಿತು. ಸಂಜೆ ಮಿಂಚು ಇಲಿ ಬಿಚ್ಚಿ ತಲೆಗೆ ಕಟ್ಟಿಕೊಂಡು ಮಗಳನ್ನು ಎತ್ತಿಕೊಂಡು ಹೋದಳು. ಮುಂದೆ ದಿನಾ ಹಾಗೇ. ಬೆಳಿಗ್ಗೆ ತಲೆಯಿಂದ ಬಿಚ್ಚಿ, ಮಡಿಸಿ ಮಗಳ ಕೈಗಿಟ್ಟು, ಚೀಲದಿಂದ ಇನ್ನೊಂದು ತೆಗೆದು ಕಟ್ಟಿಕೊಂಡು ಮೇಲೆ ಹೋಗುವುದು.

ಆಮೇಲೊಂದು ದಿನ ಅತ್ತೆ ನನ್ನ ಹತ್ತಿರ, "ಹೊಟ್ಟೆಕಿಚ್ಚಾಯ್ತು ಕಣೆ, ಸುಳ್ಳು ಯಾಕೆ ಹೇಳ್ಲಿ," ಅಂದಳು. ತನ್ನ ಅಂದದ ಇಲಿಗಳನ್ನು ಬಿಟ್ಟು ಆ ಸೊಟ್ಟ ಕಿವಿಯದನ್ನು ಮಗು ಅಪ್ಪಿಕೊಂಡಿತಲ್ಲ ಅಂತ. ಆದರೆ ಹೊಟ್ಟೆಕಿಚ್ಚನ್ನು ಬಚ್ಚಿಟ್ಟುಕೊಂಡು ಕೂರುವ ಜಾತಿಯವಳಲ್ಲ ಅವಳು. ಹೊಸದಾಗಿ ಮಗು ಬಿಡಲು ಬರುವ ಪ್ರತಿ ತಾಯಿಯೂ ತಾನು ಉಟ್ಟು ತೊಟ್ಟ ಬಟ್ಟೆ ತರಬೇಕು, ಇಲ್ಲೇ ಕೂತು ತಾನೇ ಮಡಿಸಬೇಕು ಅಂತ ನಿಯಮ ಮಾಡಿದಳು. ಬಿಡುವಿನಲ್ಲಿ ಕೋಣೆ ತುಂಬತೊಡಗಿತು. ಮಕ್ಕಳಿಲ್ಲದವರೂ ಬಂದು ಕೂತರು. ಸೂಪರ್‌ವೈಸರ್ ಒಂದು ದಿನ ಏನು ಗಲಾಟೆ ಅಂತ ನೋಡಲು ಬಂದವನು, ಹೊರಡುವಾಗ ಜೇಬಿನಲ್ಲಿ ಕರವಸ್ತ್ರದ ಬದಲು ಮೊಲ ಇಟ್ಟುಕೊಂಡು ಹೋದ.

ಬಸುರಿ ಹೆಂಗಸರೂ ಕಲಿಯಬೇಕು ಅಂದಾಗ ತೊಡಕಾಯಿತು. ತುಂಬಿದ ಹೊಟ್ಟೆಯಲ್ಲಿ ಮೆಟ್ಟಿಲು ಇಳಿದು ಹತ್ತುವುದು ಅವರಿಗೆ ಕಷ್ಟ. ನೀವೇ ಮೇಲೆ ಬನ್ನಿ ಅತ್ತೆ ಅಂತ ಮಿಂಚು ಕರೆದಳು. ಅತ್ತೆ ಮೊಣಕಾಲು ಅಂದಳು. ಮಿಂಚು ಅವಳ ತೋಳು ಹಿಡಿದು ನಿಂತಳು. ಅತ್ತೆ ನನ್ನ ಕಡೆ ನೋಡಿದಳು, ನಾನು ಬೇಕೆಂದೇ ಗೋಡೆ ನೋಡಿದೆ. ಇಬ್ಬರೂ ಹತ್ತಿದರು, ಹಿಂದೆಯೇ ನಾನು. ಕಾಲರ್ ಸಾಲಿನ ಹತ್ತಿರ ಬಂದಾಗ ಅತ್ತೆ ನಿಂತಳು. ತನ್ನ ಹಳೆಯ ಮೆಷಿನ್ನಿನ ಮೇಲೆ ಕೈ ಇಟ್ಟಳು. ಪೆಡಲ್ ಈಗಲೂ ಕಿರ್ ಅನ್ನುತ್ತಾ ಅಂತ ಕೇಳಿದಳು. ಅನ್ನುತ್ತೆ ಅಂದಳು ಮಿಂಚು. ಎಡಗಡೆ ಒತ್ತು, ಅನ್ನಲ್ಲ ಅಂತ ಹೇಳಿ ಮುಂದೆ ನಡೆದಳು. ಆ ಮಧ್ಯಾಹ್ನ ಅವಳು ಮೇಲೆ ಎಷ್ಟು ಜೋರಾಗಿ ಮಾತಾಡಿದಳೆಂದರೆ ಮೆಷಿನ್‌ಗಳ ಸದ್ದನ್ನೂ ದಾಟಿ ಕಟಿಂಗ್ ಮೇಜಿಗೆ ಕೇಳುತ್ತಿತ್ತು.

ಈಗ ಅವಳು ನಿವೃತ್ತಳು, ಹೆಸರಿಗೆ ಮಾತ್ರ. ಬೇರೆ ಎರಡು ಫ್ಯಾಕ್ಟರಿಗಳವರು ತಮ್ಮ ಮಕ್ಕಳ ಕೋಣೆಯ ಹೊಸ ಆಯಾಗಳಿಗೆ ಕಲಿಸಲು ಕರೆಯುತ್ತಾರೆ. ಒಂದು ಕಡೆ ಚಹಾ ನೀರಾಗಿರುತ್ತದೆ ಅಂತ ಅವಳ ದೂರು, ಆದರೂ ತಪ್ಪಿಸುವುದಿಲ್ಲ. ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಇನ್ನೂ ಮದುವೆಯಾಗದ ಒಬ್ಬ ಹುಡುಗಿ ತನ್ನ ದುಪಟ್ಟಾದಿಂದ ಏನೋ ಮಾಡಿ, ಇದು ಮೊಲಾನೋ ಬೆಕ್ಕೋ ನನಗೇ ಗೊತ್ತಾಗ್ತಿಲ್ಲ ಅಂತ ಮುಖ ಸಪ್ಪೆ ಮಾಡಿಕೊಂಡಳು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಿಂಗ್ಯಾಕೆ ಆ ಚಿಂತೆ? ಯಾವುದಾದ್ರೂ ಮಗು ಹೆಸರಿಡತ್ತೆ, ಕೊಟ್ಟು ನೋಡು."

ಹುಡುಗಿ ಅದನ್ನು ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದಳು. ಅತ್ತೆ ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದು, ಮುಖ ಕಿವುಚಿಕೊಂಡು, ಮುಂದಿನವಳಿಗೆ ಬಟ್ಟೆ ಹರಡಲು ಹೇಳಿದಳು.